ಮಂದ್‌ನಿಂದ ವೇದಿಕೆಗೆ: ಕೊಡಗಿನ ಕುಣಿತ ಮತ್ತು ನಾಟಕಗಳ ಅಧ್ಯಯನದ ಒಂದು ವಿಮರ್ಶೆ

ಕೊಡಗಿನ ಜನಪದ ಕಲೆಗಳನ್ನು ಕುರಿತ ಬರೆಹಗಳಲ್ಲಿ ಒಂದು ಪಟ್ಟಿ ಮೇಲಿಂದ ಮೇಲೆ ಎದುರಾಗುತ್ತದೆ. ಬೊಳಕಾಟ್, ಉಮ್ಮತ್ತಾಟ್, ಕೋಲಾಟ್, ಕತ್ತಿಯಾಟ್, ಚೌರಿಯಾಟ್, ಪೀಲಿಯಾಟ್, ಪರೆಯ ಕಳಿ ಎಂದು ಸಾಗುವ ಈ ಪಟ್ಟಿ ಕೈಪಿಡಿಗಳಲ್ಲಿ, ಪರಿಚಯ ಲೇಖನಗಳಲ್ಲಿ, ಉತ್ಸವದ ಆಮಂತ್ರಣ ಪತ್ರಿಕೆಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲದೆ ಪುನರಾವರ್ತನೆಗೊಳ್ಳುತ್ತದೆ. ಪ್ರತಿ ಹೆಸರಿನ ಮುಂದೆ ವೇಷಭೂಷಣ, ಕೈಯಲ್ಲಿ ಹಿಡಿಯುವ ವಸ್ತು, ಕುಣಿಯುವವರು ಗಂಡಸರೋ ಹೆಂಗಸರೋ ಎಂಬ ವಿವರ ಇರುತ್ತದೆ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಕುಣಿತಗಳನ್ನು ಅವು ನಡೆಯುವ ನೆಲದಿಂದ, ನಡೆಯುವ ಹೊತ್ತಿನಿಂದ, ವಾದ್ಯ ನುಡಿಸುವವರಿಂದ ಬಿಡಿಸಿ ತೆಗೆದು ಒಂದರ ಪಕ್ಕಕ್ಕೆ ಇನ್ನೊಂದನ್ನು ಇರಿಸುತ್ತದೆ. ಹಾಗೆ ಬಿಡಿಸಿ ತೆಗೆದಾಗ ಉಳಿಯುವುದು ವೇದಿಕೆಗೆ ಸಲ್ಲುವ ಅಂಶ ಮಾತ್ರ. ಈ ಪಟ್ಟಿ ಹೇಗೆ ರೂಪುಗೊಂಡಿತು, ಅದು ಯಾರನ್ನು ಒಳಗೆ ಬಿಟ್ಟುಕೊಂಡಿತು, ಯಾರನ್ನು ಹೊರಗೆ ನಿಲ್ಲಿಸಿತು ಎಂಬುದು ವಿಚಾರಕ್ಕೆ ಅರ್ಹವಾದ ಪ್ರಶ್ನೆ.

ಮೊದಲು ಪದಗಳನ್ನೇ ನೋಡಬಹುದು. ಕೊಡವ ತಕ್ಕ್‌ನಲ್ಲಿ 'ಆಟ್' ಎಂಬುದು ಕುಣಿತವೂ ಹೌದು, ಆಟವೂ ಹೌದು. 'ಕಳಿ' ಎಂಬ ಪದದ ವ್ಯಾಪ್ತಿಯೂ ಅಂತಹದೇ. ಕನ್ನಡದ ಕರಾವಳಿಯಲ್ಲಿ ಯಕ್ಷಗಾನವನ್ನು 'ಆಟ' ಎಂದು ಕರೆಯುವ ರೂಢಿ ಇದಕ್ಕೆ ದೂರದ್ದಲ್ಲ. ನೃತ್ಯ, ನಾಟಕ, ಕ್ರೀಡೆ ಎಂಬ ವಿಭಾಗಗಳು ಅಧ್ಯಯನಕಾರರ ಮೇಜಿನ ಮೇಲೆ ಹುಟ್ಟಿದವೇ ಹೊರತು ಆಡುವವರ ನುಡಿಯಲ್ಲಿ ಹುಟ್ಟಿದವಲ್ಲ. ಪರೆಯ ಕಳಿಯನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಇಬ್ಬರು ಎದುರುಬದುರಾಗಿ ನಿಲ್ಲುತ್ತಾರೆ; ಒಬ್ಬನ ಕೈಯಲ್ಲಿ ಬೆತ್ತ, ಇನ್ನೊಬ್ಬನ ಕೈಯಲ್ಲಿ ತಡೆಯುವ ಗುರಾಣಿ. ಹೊಡೆತ ಮೊಣಕಾಲಿನ ಕೆಳಗೆ ಮಾತ್ರ ಬೀಳಬೇಕು. ಆಟ ಮುಗಿದೊಡನೆ ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಇಲ್ಲಿ ತಾಳಕ್ಕೆ ಹೆಜ್ಜೆ ಇದೆ, ಎದುರಾಳಿ ಇದ್ದಾನೆ, ಏರುವ ಉದ್ವೇಗ ಇದೆ, ರಾಜಿಯ ಮುಕ್ತಾಯವೂ ಇದೆ. ಒಂದು ಕಿರುನಾಟಕಕ್ಕೆ ಬೇಕಾದದ್ದೆಲ್ಲ ಇದರಲ್ಲಿ ಅಡಕವಾಗಿದೆ. ಮಾತು ಮಾತ್ರ ಇಲ್ಲ. ಆದರೂ ಪಟ್ಟಿಗಳು ಇದನ್ನು 'ಸಮರ ಕಲೆ' ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ಕೊಡಗನ್ನು ಯೋಧರ ನಾಡೆಂದು ಮೊದಲೇ ತೀರ್ಮಾನಿಸಿಕೊಂಡ ಕಣ್ಣಿಗೆ ಹೊಡೆತ ಕಂಡಷ್ಟು ಸುಲಭವಾಗಿ ಅಪ್ಪುಗೆ ಕಾಣುವುದಿಲ್ಲ.

ಈ ಕಣ್ಣಿಗೆ ಒಂದು ಇತಿಹಾಸವಿದೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಅದನ್ನು ಕುರಿತು ಬರೆದವರಲ್ಲಿ ಅಧಿಕಾರಿಗಳೂ ಮಿಷನರಿಗಳೂ ಮುಖ್ಯರು. 1870 ಈ ದೃಷ್ಟಿಯಿಂದ ಗಮನಾರ್ಹ ವರ್ಷ. ರಿಕ್ಟರ್ ಅವರ ಕೊಡಗಿನ ಕೈಪಿಡಿ ಮತ್ತು ಗ್ರೇಟರ್ ಅವರ ಕೊಡವ ಹಾಡುಗಳ ಸಂಕಲನ ಎರಡೂ ಮಂಗಳೂರಿನಿಂದ ಅದೇ ವರ್ಷ ಹೊರಬಂದವು. ಒಂದು ಆಡಳಿತಕ್ಕೆ ಅನುಕೂಲವಾಗುವ ವರ್ಣನೆ, ಇನ್ನೊಂದು ಭಾಷೆಯ ಅಧ್ಯಯನಕ್ಕೆ ಅನುಕೂಲವಾಗುವ ಪಠ್ಯ. ಕುಣಿತ ಮೊದಲನೆಯದರಲ್ಲಿ ಹಬ್ಬದ ವರ್ಣಮಯ ದೃಶ್ಯವಾಯಿತು. ಹಾಡು ಎರಡನೆಯದರಲ್ಲಿ ವ್ಯಾಕರಣದ ಜೊತೆಗಿನ ಮಾದರಿಯಾಯಿತು. ಒಂದೇ ಅಂಗಳದಲ್ಲಿ, ಒಂದೇ ರಾತ್ರಿ ಜೊತೆಯಾಗಿ ನಡೆಯುತ್ತಿದ್ದ ಹಾಡು ಮತ್ತು ಹೆಜ್ಜೆ ಎರಡು ಬೇರೆ ಪುಸ್ತಕಗಳ ವಸ್ತುವಾದದ್ದು ಹೀಗೆ. ಆ ಬೇರ್ಪಡೆ ಮುಂದಿನ ಬರೆಹಗಳಲ್ಲೂ ಬಹುಮಟ್ಟಿಗೆ ಉಳಿದುಬಂದಿತು.

ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' (1924) ಈ ಬೇರ್ಪಡೆಯನ್ನು ದಾಟಲು ಯತ್ನಿಸಿದ ಮೊದಲ ದೊಡ್ಡ ಕೃತಿ. ಕನ್ನಡ ಲಿಪಿಯಲ್ಲಿ, ಕನ್ನಡ ಗದ್ಯವನ್ನೂ ಕೊಡವ ಹಾಡುಗಳನ್ನೂ ಒಟ್ಟಿಗೆ ಹೆಣೆದ ಈ ಗ್ರಂಥ ಹಾಡನ್ನು ಅದರ ಸಂದರ್ಭದಿಂದ ಕಿತ್ತುಕೊಡುವುದಿಲ್ಲ. ಮದುವೆಯ ಕ್ರಮ ಹೇಳಿ ಮದುವೆಯ ಹಾಡು ಕೊಡುತ್ತದೆ. ಸಾವಿನ ಕ್ರಮ ಹೇಳಿ ಸಾವಿನ ಹಾಡು ಕೊಡುತ್ತದೆ. ಪುತ್ತರಿಯ ವಿಧಿ ವಿವರಿಸಿ ಪುತ್ತರಿಯ ಹಾಡಿಗೆ ಬರುತ್ತದೆ. ಸಂಗ್ರಾಹಕ ಒಳಗಿನವನಾಗಿದ್ದಾಗ ಯಾವ ಎಚ್ಚರ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. 2003ರಲ್ಲಿ ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳ ಇಂಗ್ಲಿಷ್ ಅನುವಾದ ಪ್ರಕಟವಾದಾಗ ಕೃತಿಗೆ ಕೊಡಗಿನ ಹೊರಗೂ ಓದುಗರು ದೊರೆತರು.

ಆದರೂ ಮುದ್ರಣಕ್ಕೆ ತನ್ನದೇ ಆದ ಮಿತಿ ಇದೆ. ಕೊಡವ ಹಾಡುಗಾರಿಕೆಯ ಮುಖ್ಯ ರೂಪದಲ್ಲಿ ನಾಲ್ವರು ದುಡಿ ಹಿಡಿದು ಹಾಡುತ್ತಾರೆ. ಇಬ್ಬರು ಸಾಲನ್ನು ಎತ್ತಿಕೊಳ್ಳುತ್ತಾರೆ, ಉಳಿದಿಬ್ಬರು ಅದನ್ನು ಹಿಂದಕ್ಕೆ ಕೊಡುತ್ತಾರೆ. ಆ ಮರುನುಡಿಯ ನಡುವಿನ ಬಿಡುವಿನಲ್ಲಿಯೇ ಮುಂದಿನ ಸಾಲು ನೆನಪಿಗೆ ಬರುವುದು, ಅಥವಾ ಹೊಸದಾಗಿ ಕಟ್ಟಿಕೊಳ್ಳುವುದು. ಸ್ತುತಿಯಿಂದ ಆರಂಭವಾಗುವ ಹಾಡು ಸೂರ್ಯ ಚಂದ್ರರಿಂದ ಭೂಮಿಗೆ, ಭೂಮಿಯಿಂದ ಕೊಡಗಿಗೆ, ನಾಡಿಗೆ, ಊರಿಗೆ, ಕೊನೆಗೆ ತಾವು ನಿಂತಿರುವ ಮನೆಯ ಅಂಗಳಕ್ಕೆ ಇಳಿದುಬರುತ್ತದೆ. ಈ ಇಳಿಯುವಿಕೆ ಪುಟದ ಮೇಲೆ ಒಂದು ಪದ್ಧತಿಯ ಪೀಠಿಕೆಯಂತೆ ಕಾಣುತ್ತದೆ. ಹಲವು ಓದುಗರು ಅದನ್ನು ದಾಟಿ ಕತೆಗೆ ಹೋಗುವುದುಂಟು. ಅಂಗಳದಲ್ಲಿ ಅದೇ ಹಾಡಿನ ಪ್ರಾಣ. ಹಾಡಿಸಿಕೊಳ್ಳುವ ಒಕ್ಕದ ಹೆಸರು, ನಿಂತ ಊರಿನ ಹೆಸರು ಬದಲಾಗದೆ ಇನ್ನೊಂದು ಮನೆಯಲ್ಲಿ ಅದೇ ಹಾಡನ್ನು ಹಾಡಲು ಬರುವುದಿಲ್ಲ. ಪುಸ್ತಕದ ಹಾಡು ಒಂದೇ ಊರಿನಲ್ಲಿ ನಿಂತುಬಿಡುತ್ತದೆ. ಇದು ಚಿಣ್ಣಪ್ಪನವರ ದೋಷವಲ್ಲ. ಅವರ ಪಠ್ಯವನ್ನು ಹಾಡಿನ ಶುದ್ಧ, ಅಂತಿಮ ರೂಪವೆಂದು ಭಾವಿಸಿ ಬಾಯಿಯಲ್ಲಿ ಉಳಿದ ಪಾಠಗಳನ್ನು ಅದರೊಂದಿಗೆ ಹೋಲಿಸಿ 'ತಪ್ಪು' ಹುಡುಕಿದವರ ದೋಷ. ತುಳು ಪಾಡ್ದನಗಳ ವಿಷಯದಲ್ಲಿ ಪ್ರದರ್ಶನದ ಸಂದರ್ಭವನ್ನು ಮುಂದಿಟ್ಟುಕೊಂಡ ಅಧ್ಯಯನಗಳು ಬೆಳೆದ ಪ್ರಮಾಣದಲ್ಲಿ ಕೊಡಗಿನ ಹಾಡುಗಳ ವಿಷಯದಲ್ಲಿ ಬೆಳೆಯದೆ ಹೋದದ್ದಕ್ಕೆ ಹೀಗೆ ಒಂದು ಮಹತ್ವದ ಪುಸ್ತಕದ ಅಧಿಕಾರವೂ ಒಂದು ಕಾರಣವಾಗಿರುವುದು ವಿಪರ್ಯಾಸ.

ಎಂ. ಎನ್. ಶ್ರೀನಿವಾಸರ ಕೊಡಗಿನ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥ (1952) ಬೇರೆಯದೇ ಆದ ದಾರಿ ತುಳಿಯಿತು. ಅವರ ಆಸಕ್ತಿ ಹಾಡಿನ ಸಾಲಿನಲ್ಲಿರಲಿಲ್ಲ, ಆಚರಣೆಯ ಕೆಲಸದಲ್ಲಿತ್ತು. ಗುರು ರ‍್ಯಾಡ್‌ಕ್ಲಿಫ್ ಬ್ರೌನ್ ಅವರ ಮುನ್ನುಡಿಯೊಂದಿಗೆ ಬಂದ ಆ ಗ್ರಂಥ ಒಕ್ಕ, ಊರು, ನಾಡು ಎಂಬ ವರ್ತುಲಗಳನ್ನು ಆಚರಣೆಗಳು ಹೇಗೆ ಕಟ್ಟಿಹಿಡಿಯುತ್ತವೆ ಎಂಬುದನ್ನು ತೋರಿಸಿತು. ಮಂದ್ ಎಂಬ ಊರ ಬಯಲು, ಅಲ್ಲಿ ಸೇರುವ ಜನ, ಅಲ್ಲಿ ನಡೆಯುವ ಕುಣಿತ ಇವೆಲ್ಲ ಈ ಚೌಕಟ್ಟಿನಲ್ಲಿ ಅರ್ಥ ಪಡೆಯುತ್ತವೆ. ಪುತ್ತರಿಯ ಕದಿರು ಮನೆಗೆ ಬಂದ ಮೇಲೆ ಕೋಲಾಟ್ ಮೊದಲು ಊರ ಮಂದ್‌ನಲ್ಲಿ, ಆಮೇಲೆ ನಾಡ್ ಮಂದ್‌ನಲ್ಲಿ ನಡೆಯುವುದನ್ನು ನೆನೆದರೆ ಶ್ರೀನಿವಾಸರ ವರ್ತುಲಗಳು ಕಾಲ ಹೆಜ್ಜೆಯಲ್ಲಿಯೇ ಬರೆದಂತೆ ತೋರುತ್ತವೆ. ಕುಣಿತ ಕೇವಲ ಉಲ್ಲಾಸವಲ್ಲ, ಅದೊಂದು ಸಾಮಾಜಿಕ ಕಟ್ಟು ಎಂಬ ತಿಳಿವು ಕೊಡಗಿನ ಅಧ್ಯಯನಕ್ಕೆ ದೊರೆತದ್ದು ಇಲ್ಲಿಂದ. ಆದರೆ ಕಟ್ಟನ್ನು ಹುಡುಕುವ ನೋಟಕ್ಕೆ ಬಿರುಕು ಅಷ್ಟಾಗಿ ಕಾಣಿಸುವುದಿಲ್ಲ. ವರ್ತುಲದ ಅಂಚಿನಲ್ಲಿ ನಿಂತು ಬಾರಿಸುತ್ತಿದ್ದವನ ಕಡೆಯಿಂದ ನೋಡಿದರೆ ಇದೇ ಚಿತ್ರ ಹೇಗಿರುತ್ತಿತ್ತು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಬಾರಿಸುವವನ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು. ಕೊಡಗಿನ ಯಾವ ಆಟ್ ಕೂಡ ಬರಿಯ ಕುಣಿಯುವವರಿಂದ ನಡೆಯುವುದಿಲ್ಲ. ಕೊಂಬು, ಕೊಟ್ಟು, ವಾಲಗ ಇಲ್ಲದೆ ಮಂದ್ ತೆರೆಯದು. ಬಿದಿರಿನ ಕೆಲಸ ಮಾಡುವ ಮೇದರು ಚೆಂಡೆ ಬಾರಿಸುವವರೂ ಹೌದು. ಕೆಂಬಟ್ಟಿಯವರು, ಬಣ್ಣರು, ಮಲೆಯರು, ಪಣಿಕರು ಹೀಗೆ ಹಲವು ಸಣ್ಣ ಸಮುದಾಯಗಳು ತಲೆಮಾರುಗಳಿಂದ ನಾದವನ್ನೂ ವೇಷವನ್ನೂ ಒದಗಿಸಿಕೊಂಡು ಬಂದಿವೆ. ಕುಣಿತಕ್ಕೆ ಕುಣಿಯುವವರ ಹೆಸರು ನಿಂತಿದೆ. ನಾದಕ್ಕೆ ನುಡಿಸುವವರ ಹೆಸರು ನಿಲ್ಲಲಿಲ್ಲ. ವೇದಿಕೆಯ ಮೇಲೆ ಇದು ಇನ್ನಷ್ಟು ಎದ್ದು ಕಾಣುತ್ತದೆ. ಧ್ವನಿಮುದ್ರಿತ ವಾದನಕ್ಕೆ ಹೆಜ್ಜೆ ಹಾಕಿದಾಗ ಪ್ರೇಕ್ಷಕನಿಗೆ ಏನೂ ಕಡಿಮೆಯಾದಂತೆ ಅನಿಸುವುದಿಲ್ಲ. ಕುಣಿಯುವವನಿಗೆ ಅನಿಸುತ್ತದೆ. ಏಕೆಂದರೆ ಬಾರಿಸುವವನು ಕುಣಿಯುವವನ ಕಾಲನ್ನು ನೋಡಿ ಲಯ ಏರಿಸುತ್ತಾನೆ, ದಣಿವು ಕಂಡರೆ ಇಳಿಸುತ್ತಾನೆ, ಧ್ವನಿಮುದ್ರಿಕೆಗೆ ಕಣ್ಣಿಲ್ಲ.

ಬಣ್ಣ, ಮಲೆಯ, ಪಣಿಕರು ಕಟ್ಟುವ ತೆರೆಯನ್ನು ನೋಡಿದರೆ ಪಟ್ಟಿಯ ಇನ್ನೊಂದು ಇಕ್ಕಟ್ಟು ಬಯಲಾಗುತ್ತದೆ. ಮುಖವರ್ಣಿಕೆ, ಉರಿಯುವ ಪಂಜು, ಆವೇಶ, ದೈವದ ನುಡಿ, ಎದುರಿಗೆ ನಿಂತವರ ಅಹವಾಲು ಎಲ್ಲವೂ ಸೇರಿದ ತೆರೆ ಕೊಡಗಿನ ಅತ್ಯಂತ ಪೂರ್ಣವಾದ ಆಚರಣಾತ್ಮಕ ರಂಗಭೂಮಿ. ಸತ್ತ ಹಿರಿಯನನ್ನು ಒಕ್ಕದ ಕಾರಣನನ್ನಾಗಿ ಮರಳಿ ಅಂಗಳಕ್ಕೆ ಕರೆತಂದು ಮೊಮ್ಮಕ್ಕಳೊಡನೆ ಮಾತನಾಡಿಸುವಷ್ಟು ಶಕ್ತಿ ಅದಕ್ಕಿದೆ. ಆದರೆ ಅದರ ನುಡಿಯಲ್ಲಿ ಮಲೆಯಾಳದ ಪಾಲು ದೊಡ್ಡದು. ರೂಪದಲ್ಲಿ ಅದು ಉತ್ತರ ಮಲಬಾರಿನ ತೆಯ್ಯಂಗೆ ಸೋದರ, ತುಳುನಾಡಿನ ಭೂತಕೋಲಕ್ಕೆ ನೆಂಟ. ಹೀಗಾಗಿ ಅಪ್ಪಟ ಕೊಡವ ಕಲೆಯನ್ನು ಹುಡುಕುವವರು ಇದನ್ನು ಹೊರಗಿನದೆಂದು ಬದಿಗಿಡುತ್ತಾರೆ. ತೆಯ್ಯಂ ಅಧ್ಯಯನಕಾರರಿಗೆ ಇದು ಗಡಿಯಾಚೆಯ ಅನುಬಂಧ. ಎರಡೂ ಕಡೆ ಸಲ್ಲದೆ ಹೋದ ಈ ರಂಗಭೂಮಿಯನ್ನು ಹೊರಗಿನದೆನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಇಗ್ಗುತ್ತಪ್ಪ ಮತ್ತು ಅವನ ಒಡಹುಟ್ಟಿದ ದೈವಗಳು ಮಲೆಯಾಳದ ಕಡೆಯಿಂದ ಬಂದವರೆಂದು ಹೇಳುವುದು ಕೊಡವರ ಹಾಡುಗಳೇ. ದೇವರು ದಾಟಿ ಬರಬಹುದಾದ ಗಡಿಯನ್ನು ವೇಷ ದಾಟಿ ಬರಬಾರದೆನ್ನಲು ಆಧಾರವಿಲ್ಲ.

ಹರದಾಸ ಅಪ್ಪಚ್ಚ ಕವಿಯ (1868–1944) ನಾಟಕಗಳನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬೇಕಾಗಿದೆ. 'ಯಯಾತಿ' 1906ರಲ್ಲಿ, 'ಸಾವಿತ್ರಿ' ಮತ್ತು 'ಸುಬ್ರಹ್ಮಣ್ಯ' 1908ರಲ್ಲಿ, 'ಕಾವೇರಿ' 1918ರಲ್ಲಿ ಬಂದವು. ಕೊಡವ ಭಾಷೆಯ ಲಿಖಿತ ಸಾಹಿತ್ಯದ ಆರಂಭವೇ ನಾಟಕದಿಂದ ಎಂಬುದು ಸಣ್ಣ ಮಾತಲ್ಲ. ಆದರೆ ಆ ನಾಟಕ ಯಾವುದು? ಮೂರು ಪುರಾಣದಿಂದ ನೇರವಾಗಿ ಬಂದ ವಸ್ತುಗಳು. ನಾಲ್ಕನೆಯದು ಕೊಡಗಿನದೇ ಆದ ನದಿಯ ಕತೆ, ಅದೂ ಪುರಾಣದ ಮೂಲಕವೇ ಬಂದದ್ದು. ಬೊಳಕಾಟ್‌ನ ದೀಪದ ಸುತ್ತ ಇದ್ದ ವೃತ್ತ, ತೆರೆಯ ಆವೇಶ, ದುಡಿಕೊಟ್ಟ್ ಪಾಟ್‌ನ ವೀರರ ಕತೆ ಯಾವುದೂ ಇವುಗಳ ವಸ್ತುವಾಗಲಿಲ್ಲ. ಇದನ್ನು ಕವಿಯ ಕೊರತೆಯೆಂದು ಎಣಿಸಿದ ವಿಮರ್ಶೆ ಅವಸರದ್ದು. ಶ್ರೀನಿವಾಸರು ಮುಂದೆ ಸಂಸ್ಕೃತೀಕರಣವೆಂದು ಹೆಸರಿಟ್ಟ ಪ್ರಕ್ರಿಯೆಗೆ ಈ ನಾಟಕಗಳನ್ನು ಉದಾಹರಣೆಯಾಗಿ ಕೊಡುವುದು ಸುಲಭ. ಆದರೆ ಅಷ್ಟಕ್ಕೇ ನಿಂತರೆ ನಾಟಕವನ್ನು ಓದಿದಂತಾಗುವುದಿಲ್ಲ. ಮನೆಯಲ್ಲಿ, ಗದ್ದೆಯಲ್ಲಿ, ಮಂದ್‌ನಲ್ಲಿ ಆಡುತ್ತಿದ್ದ ನುಡಿಯಲ್ಲಿ ರಾಜನೊಬ್ಬ ರಂಗದ ಮೇಲೆ ನಿಂತು ಮಾತನಾಡಬಲ್ಲ ಎಂಬುದನ್ನು 1906ರಲ್ಲಿ ತೋರಿಸಬೇಕಾಗಿತ್ತು. ಅದಕ್ಕೆ ಯಾರೂ ಪ್ರಶ್ನಿಸದ ವಸ್ತುವೇ ಬೇಕಾಗಿತ್ತು. ಕತೆ ಎರವಲು, ನುಡಿ ಸ್ವಂತ. ಅಪ್ಪಚ್ಚ ಕವಿಯ ನಿಜವಾದ ಸಾಹಸ ಈ ಎರಡನೆಯದರಲ್ಲಿದೆ. ವಿಮರ್ಶೆ ಕೇಳಬೇಕಾದದ್ದು ಆತ ಮಂದ್‌ನತ್ತ ಏಕೆ ನೋಡಲಿಲ್ಲ ಎಂದಲ್ಲ. ನುಡಿಗೆ ಘನತೆ ದೊರೆತ ಮೇಲೆ ಬಂದ ನಾಟಕಕಾರರು ಕೂಡ ತೆರೆಯತ್ತ ಏಕೆ ಅಷ್ಟಾಗಿ ನೋಡಲಿಲ್ಲ ಎಂದು.

ಪಟ್ಟಿಯಲ್ಲಿ ಸುಲಭವಾಗಿ ಜಾಗ ಪಡೆಯದ ಇನ್ನೊಂದು ರಂಗಭೂಮಿ ದಕ್ಷಿಣ ಕೊಡಗಿನ ದೇವರಪುರದಲ್ಲಿದೆ. ಪ್ರತಿ ವರ್ಷ ಮೇ ತಿಂಗಳಿನಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಜೇನು ಕುರುಬರು, ಯರವರು ಮತ್ತಿತರ ಬುಡಕಟ್ಟಿನವರು ಚಿತ್ರವಿಚಿತ್ರ ವೇಷ ತೊಟ್ಟು ಬರುತ್ತಾರೆ. ಗಂಡಸರು ಹೆಂಗಸರ ಉಡುಗೆ ಉಡುತ್ತಾರೆ. ಡಬ್ಬ, ಸೋರೆಬುರುಡೆ, ಕೈಗೆ ಸಿಕ್ಕಿದ್ದೆಲ್ಲ ವಾದ್ಯವಾಗುತ್ತದೆ. ಮನೆಗಳ ಮುಂದೆ, ಅಂಗಡಿಗಳ ಮುಂದೆ, ರಸ್ತೆಯಲ್ಲಿ ಹೋಗುವವರ ಮುಂದೆ ಕುಣಿದು, ಬಯ್ದು, ಹಣ ಕೇಳುತ್ತಾರೆ. ಬೈಗುಳದಿಂದ ದೇವರಿಗೂ ವಿನಾಯಿತಿ ಇಲ್ಲ. ಅಯ್ಯಪ್ಪ ತಮ್ಮನ್ನು ಕಾಡಿಗೆ ಬೇಟೆಗೆಂದು ಕರೆದುಕೊಂಡು ಬಂದು, ಭದ್ರಕಾಳಿಯನ್ನು ಕಂಡು ಮೋಹಿತನಾಗಿ, ತಮ್ಮನ್ನು ನಡುಗಾಡಿನಲ್ಲಿ ಬಿಟ್ಟು ಅವಳೊಡನೆ ಹೋದ ಎಂಬುದು ಈ ಬೈಗುಳಕ್ಕೆ ಅವರು ಹೇಳುವ ಕಾರಣ. ದಿನದ ಕೊನೆಗೆ ದೇವಾಲಯದಲ್ಲಿ ತಪ್ಪೊಪ್ಪಿಕೊಂಡು ಕ್ಷಮೆ ಕೇಳುವುದರೊಂದಿಗೆ ಹಬ್ಬ ಮುಗಿಯುತ್ತದೆ.

ಪತ್ರಿಕೆಗಳಿಗೆ ಇದು ವರ್ಷಕ್ಕೊಮ್ಮೆ ಸಿಗುವ ವಿಚಿತ್ರ ಸುದ್ದಿ. ವಿದ್ವತ್ ಬರೆಹಗಳಿಗೆ ಮುಜುಗರದ ವಸ್ತು. ಬೈಗುಳವನ್ನು ಪಠ್ಯವಾಗಿ ಅಚ್ಚು ಹಾಕುವುದು ಹೇಗೆ? ಆದರೆ ಬೈಗುಳದ ಹಿಂದಿನ ಕತೆಯನ್ನು ಕೇಳಿಸಿಕೊಂಡರೆ ಅದು ಕೇವಲ ದೇವರ ಕತೆಯಲ್ಲ ಎಂಬುದು ತಿಳಿಯುತ್ತದೆ. ಕರೆದುಕೊಂಡು ಬಂದವನು ಕೈಬಿಟ್ಟ ಎಂಬುದು ಅದರ ತಿರುಳು. ಹತ್ತೊಂಬತ್ತನೆಯ ಶತಮಾನದ ಬರೆಹಗಳು ಯರವರನ್ನು ಭೂಮಾಲೀಕರ ಆಳುಗಳೆಂದು, ಜೀತದವರೆಂದು ದಾಖಲಿಸಿವೆ. ಕಾಡಿನಲ್ಲಿ ಬದುಕಿದ ಕುರುಬರು ಕಾಫಿ ತೋಟಗಳ ಕೂಲಿಗಳಾದದ್ದು ಅನಂತರದ ಕತೆ. ಹಾಗೆ ಬದುಕಿದವರು ವರ್ಷದ ಒಂದು ದಿನ ಒಡೆಯನ ಮನೆಯ ಮುಂದೆ ನಿಂತು, ದೇವರ ಹೆಸರಿನಲ್ಲಿ, ಶಿಕ್ಷೆಯ ಭಯವಿಲ್ಲದೆ ಬಯ್ಯುತ್ತಾರೆ. ಒಡೆಯ ನಕ್ಕು ಹಣ ಕೊಡಬೇಕಾಗುತ್ತದೆ. ಮ್ಯಾಕ್ಸ್ ಗ್ಲಕ್‌ಮನ್ 1950ರ ದಶಕದಲ್ಲಿ ಇಂತಹ ಆಚರಣೆಗಳನ್ನು ಬಂಡಾಯದ ವಿಧಿಗಳೆಂದು ಕರೆದು, ಒಂದು ದಿನದ ಬಂಡಾಯ ಉಳಿದ ದಿನಗಳ ವ್ಯವಸ್ಥೆಯನ್ನು ಗಟ್ಟಿಗೊಳಿಸುತ್ತದೆ ಎಂದು ವಾದಿಸಿದ. ಕೊನೆಯ ಕ್ಷಮಾಪಣೆ ಆ ವಾದಕ್ಕೆ ಅನುಕೂಲವಾಗಿಯೇ ಇದೆ. ಆದರೆ ಅದು ಅರ್ಧ ಸತ್ಯ. ಕ್ಷಮೆ ಕೇಳುವುದು ದೇವರ ಬಳಿ, ಒಡೆಯನ ಬಳಿಯಲ್ಲ. ಹಿಂದಿನವರು ಅನುಭವಿಸಿದ್ದನ್ನು ಮರೆಯದಂತೆ ಪ್ರತಿ ವರ್ಷ ಸಾರ್ವಜನಿಕವಾಗಿ ಹೇಳಿಕೊಳ್ಳಲು ಬರೆವಣಿಗೆಯಿಲ್ಲದ ಜನ ಕಂಡುಕೊಂಡ ರಂಗರೂಪ ಇದು. ಅಪ್ಪಚ್ಚ ಕವಿಯ ರಾಜರಿಗಿಂತ ಇದು ಕಡಿಮೆ ನಾಟಕವಲ್ಲ. ನಗುವಿನ ಕೆಳಗಿರುವ ದೂರನ್ನು ಕೇಳಿಸಿಕೊಳ್ಳದೆ ಕುಂಡೆ ಹಬ್ಬವನ್ನು 'ವಿಶಿಷ್ಟ ಆಚರಣೆ' ಎನ್ನುವ ಲೇಖನಗಳು ಅದನ್ನು ಎರಡನೆಯ ಬಾರಿ ಕಾಡಿನಲ್ಲಿ ಬಿಟ್ಟುಬಂದಂತೆ.

ಇಷ್ಟು ಹೇಳಿದ ಮೇಲೆ ವೇದಿಕೆಯನ್ನು ಖಳನಾಯಕನ ಸ್ಥಾನದಲ್ಲಿ ನಿಲ್ಲಿಸುವುದು ಸಹಜವಾದ ಮುಂದಿನ ಹೆಜ್ಜೆ. ಜಾನಪದ ಚರ್ಚೆಗಳಲ್ಲಿ ಅದು ರೂಢಿಯೂ ಆಗಿದೆ. ಕೊಡಗಿನ ಮಟ್ಟಿಗೆ ಆ ತೀರ್ಮಾನ ಸರಿಯಾಗಿ ಹೊಂದುವುದಿಲ್ಲ. ಕಾರಣ ಉಮ್ಮತ್ತಾಟ್. ಪಟ್ಟಿಯ ಹೆಚ್ಚಿನ ಆಟ್‌ಗಳು ಗಂಡಸರವು. ಮಂದ್ ಕೂಡ ಮುಖ್ಯವಾಗಿ ಗಂಡಸರ ಬಯಲು. ಉಮ್ಮತ್ತಾಟ್ ಹೆಂಗಸರದು. ಹಿಂದಕ್ಕೆ ನೆರಿಗೆ ಬರುವಂತೆ ಕೊಡವ ರೀತಿಯ ಸೀರೆಯುಟ್ಟು, ಕೈಯಲ್ಲಿ ತಾಳ ಹಿಡಿದು, ಹಾಡುತ್ತ ವೃತ್ತವಾಗಿ ಸುತ್ತುತ್ತಾರೆ. ನಡುವೆ ಒಬ್ಬಾಕೆ ಕಾವೇರಿಯಾಗಿ ನಿಲ್ಲುವುದುಂಟು. ಮಂದ್‌ನಲ್ಲಿ ಇದಕ್ಕೆ ಸಿಕ್ಕದ ಅವಕಾಶ ವೇದಿಕೆಯಲ್ಲಿ ಸಿಕ್ಕಿತು. ಹೆಂಗಸರು ತಂಡ ಕಟ್ಟಿದರು, ಕಲಿಸಿದರು, ರಾಜ್ಯದ ಹೊರಗೂ ಒಯ್ದರು. ಉಮ್ಮತ್ತಾಟ್‌ನ ಪ್ರಸಾರಕ್ಕೆ ದಶಕಗಳ ಕಾಲ ದುಡಿದ ಮಡಿಕೇರಿಯ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದದ್ದು ಈ ದೀರ್ಘ ಚಲನೆಗೆ ದೊರೆತ ಮನ್ನಣೆಯೂ ಹೌದು. ಇಲ್ಲಿ ವೇದಿಕೆ ಕಸಿದುಕೊಳ್ಳಲಿಲ್ಲ, ಕೊಟ್ಟಿತು. ಕೋಲಾಟ್‌ನ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ನಾಡ್ ಮಂದ್‌ನಲ್ಲಿ ಹೊತ್ತು ಇಳಿಯುವವರೆಗೆ ನಡೆಯುವ ಕೋಲಾಟ್‌ಗೆ ಹತ್ತು ನಿಮಿಷದ ಚೌಕಟ್ಟು ಒಗ್ಗುವುದಿಲ್ಲ. ನಾಲ್ಕೂ ಕಡೆ ಜನ ನಿಲ್ಲುವ ವೃತ್ತ ಒಂದೇ ಕಡೆ ಪ್ರೇಕ್ಷಕರಿರುವ ವೇದಿಕೆಯಲ್ಲಿ ಅರ್ಧವೃತ್ತವಾಗುತ್ತದೆ. ಬೆನ್ನು ತೋರಿಸಬಾರದೆಂಬ ವೇದಿಕೆಯ ನಿಯಮ ವೃತ್ತದ ನಿಯಮಕ್ಕೆ ವಿರುದ್ಧವಾದದ್ದು.

ಇನ್ನೊಂದು ಕುಣಿತದ ಹೆಸರು ಪಟ್ಟಿಗಳಲ್ಲಿ ತಡವಾಗಿ, ಹಿಂಜರಿಕೆಯಿಂದ ಬಂತು: ವಾಲಗತಾಟ್. ಮದುವೆಮನೆಯಲ್ಲಿ ವಾಲಗ ಬಿರುಸಾದಾಗ ಅಜ್ಜ, ಮೊಮ್ಮಗಳು, ದೂರದೂರಿನಿಂದ ಬಂದ ನೆಂಟ ಯಾರೆಂದಿಲ್ಲದೆ ಎಲ್ಲರೂ ಕೈಯೆತ್ತಿ ಕುಣಿಯುವ ಇದಕ್ಕೆ ಹಿಡಿಯುವ ವಸ್ತುವಿಲ್ಲ, ಕಲಿಸುವ ಗುರುವಿಲ್ಲ, ಕಲಿತವರೆಂಬ ಹೆಮ್ಮೆಯೂ ಇಲ್ಲ. ಇಂದು ಕೊಡಗಿನಲ್ಲಿ ಯಾರ ಒತ್ತಾಯವೂ ಇಲ್ಲದೆ ಅತ್ಯಂತ ಜೀವಂತವಾಗಿರುವ ಕುಣಿತ ಇದೇ. ಸಂರಕ್ಷಣೆಯ ಅಗತ್ಯವಿಲ್ಲದ ಕಾರಣಕ್ಕೇ ಇದು ಸಂರಕ್ಷಕರ ಕಣ್ಣಿಗೆ ಬೀಳುವುದಿಲ್ಲವೇನೋ. ಅಲ್ಲಿ ವಾಲಗದವರಿಗೆ ಕುಣಿಯುವವರು ಮುಖಾಮುಖಿಯಾಗಿ ನಿಂತು ನೋಟು ಕೊಟ್ಟು ಹುರಿದುಂಬಿಸುವ ದೃಶ್ಯವನ್ನು ಮಾತ್ರ ಸಂಶೋಧಕರು ಗಮನಿಸಬೇಕು. ಬಾರಿಸುವವನು ಮತ್ತು ಕುಣಿಯುವವನು ಒಬ್ಬರ ಮುಖ ಒಬ್ಬರು ನೋಡುವ ಕೆಲವೇ ಕೆಲವು ಸ್ಥಳಗಳಲ್ಲಿ ಅದೂ ಒಂದು.

ಕೊನೆಗೆ ಕಾಲದ ಪ್ರಶ್ನೆ. ಪುತ್ತರಿ ಭತ್ತದ ಹಬ್ಬ. ಅದರ ಕೋಲಾಟ್ ಗದ್ದೆಯ ಕೆಲಸ ಒಂದು ಹಂತಕ್ಕೆ ಬಂದಾಗ ಸಿಗುವ ಬಿಡುವಿನ ಕುಣಿತ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಹಬ್ಬಿದ ಕಾಫಿ ಈ ಬಿಡುವನ್ನು ಕಸಿದುಕೊಂಡಿತು. ಪುತ್ತರಿ ಬರುವ ನವೆಂಬರ್ ಕೊನೆ, ಡಿಸೆಂಬರ್ ತಿಂಗಳು ಕಾಫಿಗೆ ಕೊಯ್ಲಿನ ಕಾಲ. ಗದ್ದೆಗಳು ಪಾಳು ಬಿದ್ದು, ಕದಿರು ಕೊಯ್ಯಲು ಬೇರೆಯವರ ಗದ್ದೆಗೆ ಹೋಗುವ ಮನೆಗಳಿವೆ. ಮಂದ್‌ನ ನೆಲ ಒತ್ತುವರಿಯಾಗದಂತೆ ಕಾಯುವುದು, ಮುಚ್ಚಿದ ಮಂದ್‌ಗಳನ್ನು ಮತ್ತೆ ತೆರೆಯುವುದು, ಮಂದ್ ನಮ್ಮೆಗಳನ್ನು ನಡೆಸುವುದು ಇವೆಲ್ಲ ನಡೆದಿವೆ, ನಡೆಯಬೇಕಾದವೇ. ಆದರೆ ಮಂದ್ ಸರ್ವೆ ನಕ್ಷೆಯ ಒಂದು ತುಂಡು ನೆಲ ಮಾತ್ರ ಆಗಿರಲಿಲ್ಲ. ಗದ್ದೆ, ಬಿಡುವು, ಬಾರಿಸುವವರು, ಅವರಿಗೆ ಸಲ್ಲುತ್ತಿದ್ದ ಭತ್ತದ ಪಾಲು ಎಲ್ಲವೂ ಸೇರಿದ ಏರ್ಪಾಡಾಗಿತ್ತು. ಆ ಏರ್ಪಾಡಿನಲ್ಲಿ ಅಸಮಾನತೆಯೂ ಇತ್ತು. ಅದು ಮರಳಬೇಕೆಂದು ಮೇದರಾಗಲಿ ಯರವರಾಗಲಿ ಬಯಸಬೇಕಾದ ಕಾರಣವಿಲ್ಲ. ಭತ್ತದ ಪಾಲಿನ ಜಾಗಕ್ಕೆ ಇಂದು ಯಾವ ಸಂಭಾವನೆ ಬಂದಿದೆ, ಅದನ್ನು ಯಾರು ನಿರ್ಧರಿಸುತ್ತಾರೆ, ತಂಡದ ಭಾವಚಿತ್ರದಲ್ಲಿ ಕೊಟ್ಟಿನವನು ನಿಲ್ಲುವುದು ಎಲ್ಲಿ ಎಂಬುದನ್ನು ಊರೂರಿಗೆ ಹೋಗಿ, ಒಂದು ಪುತ್ತರಿಯಿಂದ ಮುಂದಿನ ಪುತ್ತರಿಯವರೆಗೆ ಕುಳಿತು ಬರೆಯುವ ಕೆಲಸ ಆಗಬೇಕಾಗಿದೆ. ಅದಕ್ಕೆ ಮೊದಲು ಮಾತನಾಡಿಸಬೇಕಾದವರು ಕುಪ್ಯ ತೊಟ್ಟವರಲ್ಲ. ಮಂದ್‌ನ ಅಂಚಿನಲ್ಲಿ ಚೆಂಡೆಯ ಹುರಿ ಬಿಗಿಯುತ್ತ ನಿಂತವರು.